ಲುಬಾನ್ಸ್ಕಿಯ ಮೊಣಕಾಲು: ಒಂದು ಗಾಯದ ಪ್ರಕರಣ

ಚೆಂಡು ಬಾಬಿ ಮೂರ್ ಅವರ ಕಾಲಿನಲ್ಲಿತ್ತು. 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ, ಗಾಬರಿ ಎಂದರೇನೆಂದು ತಿಳಿಯದ ಡಿಫೆಂಡರ್ ಎಂದು ಹೆಸರಾದವರು. ದ್ವಿತೀಯಾರ್ಧ ಶುರುವಾಗಿ ಇನ್ನೂ ಎರಡೇ ನಿಮಿಷ. ಎದುರಿಗೆ ಒಬ್ಬನೇ ಒಬ್ಬ ಪೋಲಿಷ್ ಸ್ಟ್ರೈಕರ್ ಓಡಿ ಬರುತ್ತಿದ್ದ. ಚೆಂಡನ್ನು ಹಿಂದಕ್ಕೆ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂರ್ ಹಾಗೆ ಮಾಡಲಿಲ್ಲ. ಅವನನ್ನು ದಾಟಿಸಿ ತಿರುಗಲು ನೋಡಿದರು. ಆತ ಕಾಲು ಚಾಚಿ ಚೆಂಡನ್ನು ಕಿತ್ತುಕೊಂಡ, ಒಬ್ಬನೇ ಮುನ್ನುಗ್ಗಿದ, ಗೋಲ್‌ಕೀಪರ್ ಪೀಟರ್ ಶಿಲ್ಟನ್ ಅವರನ್ನು ದಾಟಿಸಿ ನೆಲಮಟ್ಟದಲ್ಲಿ ಹೊಡೆದ. ಪೋಲೆಂಡ್ 2, ಇಂಗ್ಲೆಂಡ್ 0. ಖೋಜುಫ್ ನಗರದ ಶ್ಲೋನ್ಸ್ಕಿ ಕ್ರೀಡಾಂಗಣದಲ್ಲಿ ಲಕ್ಷದಷ್ಟು ಜನ ಒಮ್ಮೆಲೇ ಎದ್ದು ನಿಂತರು. ಆ ಕ್ರೀಡಾಂಗಣವನ್ನು ಪೋಲಿಷರು ಮಾಟಗಾತಿಯರ ಕಡಾಯಿ ಎಂದು ಕರೆಯುತ್ತಾರೆ. ಅಂದು ಅದು ಕುದಿಯುತ್ತಿತ್ತು.

ಅದಾಗಿ ಹತ್ತು ನಿಮಿಷ ಕಳೆಯುವುದರೊಳಗೆ ಅದೇ ಸ್ಟ್ರೈಕರ್ ಹುಲ್ಲಿನ ಮೇಲೆ ಮೊಣಕಾಲು ಹಿಡಿದು ಬಿದ್ದಿದ್ದರು. ಇಂಗ್ಲೆಂಡಿನ ಡಿಫೆಂಡರ್ ರಾಯ್ ಮೆಕ್‌ಫಾರ್ಲಂಡ್ ಜೊತೆ ಚೆಂಡಿಗಾಗಿ ನಡೆದ ಸೆಣಸಾಟದಲ್ಲಿ ಕಾಲು ತಿರುಚಿತ್ತು. ಅವರ ಜಾಗಕ್ಕೆ ಯಾನ್ ದೊಮಾರ್ಸ್ಕಿ ಎಂಬ ಆಟಗಾರ ಇಳಿದರು. ದಿನಾಂಕ 6 ಜೂನ್ 1973. ಬಿದ್ದವರ ಹೆಸರು ವ್ವೊಜಿಮ್ಯೆಶ್ ಲುಬಾನ್ಸ್ಕಿ, ವಯಸ್ಸು 26. ಆ ಮೊದಲ ಹೆಸರನ್ನು ಬಾಯಿಯಲ್ಲಿ ಹೊರಳಿಸುವುದು ಕಷ್ಟ ಎನಿಸಿದರೆ ಅವರ ಊರಿನವರಂತೆ ವ್ವೊದೆಕ್ ಎಂದುಕೊಳ್ಳಬಹುದು.

ಈ ಬರಹ ಆ ಒಂದು ಗಾಯದ ಬಗ್ಗೆ. ಪೋಲೆಂಡಿನ ಫುಟ್‌ಬಾಲ್ ಪ್ರಿಯರು ಐವತ್ತು ವರ್ಷಗಳಿಂದ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: ಲುಬಾನ್ಸ್ಕಿ ಇದ್ದಿದ್ದರೆ 1974ರ ವಿಶ್ವಕಪ್ ನಮ್ಮದಾಗುತ್ತಿತ್ತೇ? ಅದಕ್ಕೆ ಪ್ರತಿಯಾಗಿ ಇನ್ನೊಂದು ಮಾತೂ ಇದೆ: ಅವರು ಇರದಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಆ ವಿಶ್ವಕಪ್‌ನಲ್ಲಿ ಗೋಲು ಸುರಿಸಿದ ಲಾತೊ, ಶಾರ್ಮಾಖ್ ಎಂಬ ಹೆಸರುಗಳನ್ನು ಜಗತ್ತು ಕೇಳುತ್ತಲೇ ಇರಲಿಲ್ಲ. ಎರಡೂ ಚಹಾ ಅಂಗಡಿಯ ವಾದಗಳು, ಎರಡರಲ್ಲೂ ಸ್ವಾರಸ್ಯವಿದೆ. ಆದರೆ ನನ್ನ ಕಣ್ಣಿಗೆ ಬೀಳುವುದು ಬೇರೆಯದು. ಆ ಮೊಣಕಾಲು ಗಟ್ಟಿಯಾಗಿದ್ದಷ್ಟು ಕಾಲ ಅದರ ಒಡೆಯ ದೇಶದ ಗಡಿ ದಾಟಿ ಬೇರೆ ಕ್ಲಬ್ಬಿಗೆ ಹೋಗುವಂತಿರಲಿಲ್ಲ. ಅದು ಮುರಿದ ಮೇಲೆ ಹೋಗಬಹುದಾಯಿತು.

ಅದಕ್ಕಾಗಿ ಹತ್ತು ವರ್ಷ ಹಿಂದೆ ಹೋಗಬೇಕು.

ಲುಬಾನ್ಸ್ಕಿ ಹುಟ್ಟಿದ್ದು 28 ಫೆಬ್ರವರಿ 1947ರಂದು, ಸಿಲೇಸಿಯಾದ ಗ್ಲಿವಿತ್ಸೆಯಲ್ಲಿ. ಕಲ್ಲಿದ್ದಲು ಗಣಿಗಳ ನಾಡು ಅದು. ಪಕ್ಕದ ಜಾಬ್ಝೆ ಪಟ್ಟಣದ ಕ್ಲಬ್ಬಿನ ಹೆಸರೇ ಗುರ್ನಿಕ್, ಅಂದರೆ ಗಣಿಗಾರ. ಹದಿಹರೆಯದಲ್ಲೇ ಆ ಕ್ಲಬ್ ಸೇರಿದ ಹುಡುಗನನ್ನು 4 ಸೆಪ್ಟೆಂಬರ್ 1963ರಂದು ರಾಷ್ಟ್ರೀಯ ತಂಡಕ್ಕೆ ಇಳಿಸಿದರು. ಶ್ಚೆಚಿನ್‌ನಲ್ಲಿ ನಾರ್ವೆ ವಿರುದ್ಧದ ಪಂದ್ಯ. ಪೋಲೆಂಡ್ 9-0ಯಿಂದ ಗೆದ್ದಿತು, ಹುಡುಗನೂ ಒಂದು ಗೋಲು ಹೊಡೆದ. ಅಂದು ಅವನ ವಯಸ್ಸು 16 ವರ್ಷ 188 ದಿನ. ಪೋಲೆಂಡಿಗೆ ಅಷ್ಟು ಎಳೆಯ ವಯಸ್ಸಿನಲ್ಲಿ ಆಡಿದವರು ಇನ್ನೊಬ್ಬರಿಲ್ಲ.

ಮುಂದಿನದು ಪಟ್ಟಿಯಂತೆ ಹೇಳಿ ಮುಗಿಸಬಹುದಾದ ವೈಭವ. ಗುರ್ನಿಕ್ ಜೊತೆ ಏಳು ಲೀಗ್ ಪ್ರಶಸ್ತಿ, ಆರು ಪೋಲಿಷ್ ಕಪ್. 1966ರಿಂದ 1969ರವರೆಗೆ ಸತತ ನಾಲ್ಕು ಬಾರಿ ಲೀಗಿನ ಅಗ್ರ ಸ್ಕೋರರ್. 234 ಲೀಗ್ ಪಂದ್ಯಗಳಲ್ಲಿ 155 ಗೋಲು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ನಾಯಕ.

ಪಟ್ಟಿಯಲ್ಲಿ ಹೇಳಿ ಮುಗಿಸಲಾಗದ್ದು 1969-70ರ ಋತು. ಯುರೋಪಿನ ಕಪ್ ವಿನ್ನರ್ಸ್ ಕಪ್‌ನಲ್ಲಿ ಗಣಿ ಪಟ್ಟಣದ ಈ ಕ್ಲಬ್ ಗ್ಲಾಸ್ಗೋದ ರೇಂಜರ್ಸ್ ತಂಡವನ್ನು ಎರಡೂ ಪಂದ್ಯಗಳಲ್ಲಿ 3-1ರಿಂದ ಮಣಿಸಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ರೋಮಾ. ರೋಮ್‌ನಲ್ಲಿ 1-1. ಖೋಜುಫ್‌ನಲ್ಲಿ 2-2. ನಿರ್ಣಯಕ್ಕೆಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮೂರನೇ ಪಂದ್ಯ ಆಡಿದರು, ಅದೂ 1-1. ಪೆನಾಲ್ಟಿ ಶೂಟೌಟ್ ಯುರೋಪಿನ ಕಪ್‌ಗಳಿಗೆ ಬರುವ ಮುಂಚಿನ ಕಾಲ ಅದು. ರೆಫರಿ ನಾಣ್ಯ ಚಿಮ್ಮಿಸಿದರು. ಗುರ್ನಿಕ್ ನಾಯಕ ಸ್ತಾನಿಸ್ವಾಫ್ ಒಶ್ಲಿಜ್ವೊ ಗೆದ್ದರು. ಮೂರು ಪಂದ್ಯ, ಐದೂವರೆ ಗಂಟೆಯ ಆಟ, ಕೊನೆಗೆ ಒಂದು ನಾಣ್ಯ! ವಿಯೆನ್ನಾದಲ್ಲಿ ಸುರಿಯುವ ಮಳೆಯಲ್ಲಿ, ಎಂಟು ಸಾವಿರದಷ್ಟು ಪ್ರೇಕ್ಷಕರ ಮುಂದೆ ನಡೆದ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ 2-1ರಿಂದ ಗೆದ್ದಿತು. ಆದರೂ ಆ ಋತುವಿನಲ್ಲಿ ಟೂರ್ನಿಯ ಅತಿ ಹೆಚ್ಚು ಗೋಲು ಲುಬಾನ್ಸ್ಕಿಯವರದು. ಮರುವರ್ಷವೂ ಅದೇ ಟೂರ್ನಿಯಲ್ಲಿ ಅವರೇ ಮೊದಲು.

ಇಂಥ ಸ್ಟ್ರೈಕರ್ ಇಂದು ಇದ್ದಿದ್ದರೆ ಎಲ್ಲಿರುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ರಿಯಲ್ ಮ್ಯಾಡ್ರಿಡ್ ಅವರಿಗಾಗಿ ಹತ್ತು ಲಕ್ಷ ಡಾಲರ್ ಕೊಡಲು ಮುಂದೆ ಬಂದಿತ್ತು, ಸರ್ಕಾರ ಒಪ್ಪಲಿಲ್ಲ ಎಂಬ ಮಾತು ಪೋಲೆಂಡಿನಲ್ಲಿ ಇಂದಿಗೂ ಓಡಾಡುತ್ತದೆ. ಮೊತ್ತ ಎಷ್ಟೇ ಇರಲಿ, ಒಪ್ಪದಿರುವುದು ಆ ಕಾಲದ ರೂಢಿಯೇ ಆಗಿತ್ತು. ಕಮ್ಯುನಿಸ್ಟ್ ಪೋಲೆಂಡಿನಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರ ಎಂಬ ಹುದ್ದೆ ಕಾಗದದ ಮೇಲೆ ಇರಲೇ ಇಲ್ಲ. ಗಣಿಯ ಕ್ಲಬ್ಬಿನ ಆಟಗಾರನಿಗೆ ಗಣಿಯ ಪಟ್ಟಿಯಿಂದ ಸಂಬಳ, ವಾರ್ಸಾದ ಸೇನಾ ಕ್ಲಬ್ ಲೆಗ್ಯಾದ ಆಟಗಾರ ಸೈನಿಕ. ಕಲ್ಲಿದ್ದಲು ಅಗೆಯದ ಗಣಿಗಾರರು ಮತ್ತು ಕೋವಿ ಹಿಡಿಯದ ಯೋಧರು ಸೇರಿ ಹವ್ಯಾಸಿಗಳ ಹೆಸರಿನಲ್ಲಿ ಒಲಿಂಪಿಕ್ ಚಿನ್ನ ತಂದದ್ದು ಹೀಗೆ. ಹವ್ಯಾಸಿಯನ್ನು ಮಾರುವುದಾದರೂ ಹೇಗೆ? ವಿದೇಶಕ್ಕೆ ಹೋಗಲು ಅನುಮತಿ ಸಿಗುತ್ತಿದ್ದದ್ದು ಮೂವತ್ತರ ಆಸುಪಾಸಿನಲ್ಲಿ, ರಸ ಹಿಂಡಿ ಮುಗಿದ ಮೇಲೆ. ಗೋಲ್‌ಕೀಪರ್ ಯಾನ್ ತೊಮಾಶೆವ್ಸ್ಕಿ 1978ರಲ್ಲಿ, 30ನೇ ವಯಸ್ಸಿನಲ್ಲಿ ಹೊರಟರು. ಕಾಜಿಮ್ಯೆಶ್ ದೇಯ್ನಾ ಅದೇ ವರ್ಷ, 31ರಲ್ಲಿ. ಗ್ಝೆಗೊಶ್ ಲಾತೊ 1980ರಲ್ಲಿ, 30ರಲ್ಲಿ.

ಈಗ ಖೋಜುಫ್‌ಗೆ ಮರಳೋಣ. ಆ ಪಂದ್ಯದ ಮಹತ್ವ ಅಂಕಪಟ್ಟಿ ನೋಡದೆ ಅರ್ಥವಾಗದು. 1974ರ ವಿಶ್ವಕಪ್ ಅರ್ಹತೆಗೆ ಗುಂಪಿನಲ್ಲಿದ್ದ ತಂಡಗಳು ಮೂರೇ: ಇಂಗ್ಲೆಂಡ್, ವೇಲ್ಸ್, ಪೋಲೆಂಡ್. ಹೋಗುವುದು ಒಂದೇ. ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ಪೋಲೆಂಡ್ ವೇಲ್ಸ್‌ಗೆ 0-2ರಿಂದ ಸೋತಿತ್ತು. ಇನ್ನೊಂದು ಸೋಲೆಂದರೆ ಕಥೆ ಮುಗಿದಂತೆ. ಕೋಚ್ ಕಾಜಿಮ್ಯೆಶ್ ಗುರ್ಸ್ಕಿಯ ತಂಡ ಏಳನೇ ನಿಮಿಷದಲ್ಲೇ ಫ್ರೀ ಕಿಕ್‌ನಿಂದ ಮುನ್ನಡೆ ಪಡೆಯಿತು. ಹೊಡೆದದ್ದು ರಾಬರ್ಟ್ ಗದೋಖಾ. ದಾರಿಯಲ್ಲಿ ಯಾನ್ ಬನಾಶ್ ಕಾಲು ತಾಗಿತೇ ಇಲ್ಲವೇ ಎಂಬ ಜಗಳ ಇನ್ನೂ ತೀರಿಲ್ಲ. ಎರಡನೆಯ ಗೋಲಿನ ಬಗ್ಗೆ ಜಗಳವೇ ಇಲ್ಲ. ಕೊನೆಯಲ್ಲಿ ಅಲನ್ ಬಾಲ್‌ಗೆ ಕೆಂಪು ಕಾರ್ಡ್ ಸಿಕ್ಕಿ ಇಂಗ್ಲೆಂಡ್ ಹತ್ತು ಜನರಿಗೆ ಇಳಿಯಿತು. ಆ ಹೊತ್ತಿಗೆ ಲುಬಾನ್ಸ್ಕಿ ಮೈದಾನದಲ್ಲಿರಲಿಲ್ಲ.

ಗಾಯ ಏನಾಗಿತ್ತು? ಕ್ರೂಸಿಯೇಟ್ ರಜ್ಜು ಹರಿದಿತ್ತು. ಮೊಣಕಾಲಿನ ಒಳಗೆ ಎರಡು ಅಸ್ಥಿರಜ್ಜುಗಳು ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಹಾದು ಹೋಗುತ್ತವೆ. ಕ್ರೂಸಿಯೇಟ್ ಎಂಬ ಹೆಸರು ಬಂದದ್ದು ಅದರಿಂದಲೇ. ಅವೆರಡರಲ್ಲಿ ಮುಂಭಾಗದ್ದು ಕೆಳಗಾಲಿನ ಮೂಳೆ ತೊಡೆಮೂಳೆಯಿಂದ ಮುಂದಕ್ಕೆ ಜಾರದಂತೆ ಹಿಡಿದಿಡುತ್ತದೆ, ಮೊಣಕಾಲು ತಿರುಚಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ. ಇಂಥ ರಜ್ಜು ಹರಿದರೆ ಮನುಷ್ಯ ನಡೆಯಬಲ್ಲ; ಊತ ಇಳಿದ ಮೇಲೆ ನೇರ ರಸ್ತೆಯಲ್ಲಿ ಓಡಲೂಬಲ್ಲ. ಆಗದೇ ಇರುವುದು ಒಂದೇ: ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಪಾದ ಊರಿ ಗಕ್ಕನೆ ತಿರುಗುವುದು. ಹಾಗೆ ಮಾಡಲು ಹೋದರೆ ಕೀಲು ಜಾರಿದಂತಾಗಿ ಕಾಲು ಕುಸಿಯುತ್ತದೆ. ಸ್ಟ್ರೈಕರ್‌ನ ಕಸುಬು ಎಂದರೆ ಅದೇ ತಿರುವು. ಮೂರ್ ಕಾಲಿನಿಂದ ಚೆಂಡು ಕಸಿದ ಆ ಎರಡು ಹೆಜ್ಜೆಗಳನ್ನು ನೆನೆಸಿಕೊಳ್ಳಿ: ಓಟ, ತಡೆ, ತಿರುವು, ಮತ್ತೆ ಓಟ. ಅಂಚೆಯಣ್ಣನಾಗಿದ್ದರೆ ಅವರ ವೃತ್ತಿಗೆ ಅಷ್ಟೇನೂ ಧಕ್ಕೆಯಾಗುತ್ತಿರಲಿಲ್ಲ.

1973ರಲ್ಲಿ ಇದನ್ನು ಪತ್ತೆ ಹಚ್ಚುವುದೇ ದೊಡ್ಡ ಸಾಹಸ. ಎಮ್‌ಆರ್‌ಐ ಯಂತ್ರ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಜ್ಜು ಕಾಣುವುದಿಲ್ಲ. ಇಂದು ಯಾವ ಮೂಳೆ ವೈದ್ಯರೂ ಮೊದಲು ಮಾಡುವ ಲಾಕ್‌ಮನ್ ಪರೀಕ್ಷೆ, ಅಂದರೆ ಕಾಲನ್ನು ತುಸು ಬಾಗಿಸಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುವ ಸರಳ ಕೈಚಳಕ, ವೈದ್ಯಕೀಯ ಪತ್ರಿಕೆಯಲ್ಲಿ ವಿವರವಾಗಿ ಪ್ರಕಟವಾದದ್ದು 1976ರಲ್ಲಿ. ಸಣ್ಣ ರಂಧ್ರದ ಮೂಲಕ ಹೊಸ ರಜ್ಜು ಕೂರಿಸುವ ಶಸ್ತ್ರಚಿಕಿತ್ಸೆ ರೂಢಿಗೆ ಬರಲು ಇನ್ನೂ ಎಷ್ಟೋ ವರ್ಷ ಬೇಕಿತ್ತು. ಹೀಗಾಗಿ ಆ ಕಾಲದಲ್ಲಿ ಕ್ರೂಸಿಯೇಟ್ ಹರಿಯಿತು ಎಂದರೆ ವೃತ್ತಿ ಮುಗಿಯಿತು ಎಂದೇ ಬಹುಪಾಲು ಜನ ಓದಿಕೊಳ್ಳುತ್ತಿದ್ದರು.

ಹೋಲಿಕೆಗೆ ಒಬ್ಬರು ಕಣ್ಣೆದುರಿಗೇ ಇದ್ದಾರೆ. ಅರ್ಕಾದ್ಯುಶ್ ಮಿಲಿಕ್ ಕೂಡ ಸಿಲೇಸಿಯಾದವರು, ತಿಖಿ ಪಟ್ಟಣದವರು. ಕಾಕತಾಳೀಯ ಎಂಬಂತೆ ಅವರೂ ಗುರ್ನಿಕ್ ಜಾಬ್ಝೆಯಿಂದಲೇ ಬೆಳೆದ ಸ್ಟ್ರೈಕರ್. 8 ಅಕ್ಟೋಬರ್ 2016ರಂದು ಡೆನ್ಮಾರ್ಕ್ ವಿರುದ್ಧ ಆಡುವಾಗ ಎಡ ಮೊಣಕಾಲಿನ ಕ್ರೂಸಿಯೇಟ್ ಹರಿಯಿತು. ಮರುವರ್ಷ ಫೆಬ್ರವರಿಯಲ್ಲಿ ಅವರು ನಾಪೊಲಿ ಪರ ಮತ್ತೆ ಮೈದಾನದಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಬಲ ಮೊಣಕಾಲು ಹರಿಯಿತು. ಅಲ್ಲಿಂದಲೂ ಎದ್ದು ಬಂದು 2018ರ ವಿಶ್ವಕಪ್ ಆಡಿದರು. ಎರಡು ಮೊಣಕಾಲು, ಎರಡು ಶಸ್ತ್ರಚಿಕಿತ್ಸೆ, ವಿಶ್ವಕಪ್ ತಪ್ಪಲಿಲ್ಲ. ಲುಬಾನ್ಸ್ಕಿಗೆ ಹರಿದದ್ದು ಒಂದೇ ಮೊಣಕಾಲು. 1974ರ ಬೇಸಿಗೆ ಬಂದಾಗಲೂ ಅದು ಆಟಕ್ಕೆ ಒದಗಲಿಲ್ಲ.

ಅಷ್ಟರಲ್ಲಿ ತಂಡ ಮುಂದೆ ಸಾಗಿತ್ತು. ಸೆಪ್ಟೆಂಬರ್ 1973ರಲ್ಲಿ ವೇಲ್ಸ್ ವಿರುದ್ಧ 3-0 ಗೆಲುವು. ಉಳಿದದ್ದು 17 ಅಕ್ಟೋಬರ್‌ನ ವೆಂಬ್ಲಿ ಪಂದ್ಯ; ಇಂಗ್ಲೆಂಡ್ ಗೆಲ್ಲಲೇಬೇಕು, ಪೋಲೆಂಡಿಗೆ ಡ್ರಾ ಸಾಕು. ಇಂಗ್ಲೆಂಡಿನವರು ಅಲೆಅಲೆಯಾಗಿ ಮೇಲೆ ಬಿದ್ದರು. ಪಂದ್ಯಕ್ಕೆ ಮುಂಚೆ ಇಂಗ್ಲೆಂಡಿನ ಹೆಸರಾಂತ ಕ್ಲಬ್ ಮ್ಯಾನೇಜರ್ ಬ್ರಯಾನ್ ಕ್ಲಫ್ ಟಿವಿಯಲ್ಲಿ ಕೋಡಂಗಿ ಎಂದು ಜರೆದಿದ್ದ ತೊಮಾಶೆವ್ಸ್ಕಿ ಕೈ, ಕಾಲು, ಮೊಣಕಾಲು, ಸಿಕ್ಕಿದ್ದರಲ್ಲೆಲ್ಲ ಚೆಂಡು ತಡೆದರು. ಪಂದ್ಯ 1-1ರಲ್ಲಿ ಮುಗಿದು ಇಂಗ್ಲೆಂಡ್ ಮನೆಗೆ ಹೋಯಿತು. ಪೋಲೆಂಡಿನ ಆ ಒಂದು ಗೋಲು ಹೊಡೆದವರು ಯಾರು? ಲಾತೊ ಓಡಿ ಕೊಟ್ಟ ಪಾಸ್‌ಗೆ ಕಾಲು ಕೊಟ್ಟವರು ಯಾನ್ ದೊಮಾರ್ಸ್ಕಿ. ಜೂನ್‌ನಲ್ಲಿ ಕುಂಟುತ್ತ ಹೊರಬಂದ ಲುಬಾನ್ಸ್ಕಿಯ ಜಾಗಕ್ಕೆ ಇಳಿದ ಅದೇ ದೊಮಾರ್ಸ್ಕಿ. ಕಾದಂಬರಿಕಾರ ಹೀಗೆ ಬರೆದರೆ ತೀರಾ ಅತಿಯಾಯಿತು ಎನ್ನುತ್ತೇವೆ.

ಪಶ್ಚಿಮ ಜರ್ಮನಿಯಲ್ಲಿ ನಡೆದ ವಿಶ್ವಕಪ್‌ನಲ್ಲಿ ಪೋಲೆಂಡ್ ಏಳು ಪಂದ್ಯ ಆಡಿ ಆರು ಗೆದ್ದಿತು, 16 ಗೋಲು ಹೊಡೆಯಿತು. ಟೂರ್ನಿಯಲ್ಲಿ ಬೇರಾವ ತಂಡವೂ ಅಷ್ಟು ಹೊಡೆಯಲಿಲ್ಲ, ಕಪ್ ಗೆದ್ದವರು ಕೂಡ. ಲಾತೊ ಏಳು ಗೋಲಿನೊಂದಿಗೆ ಅಗ್ರ ಸ್ಕೋರರ್. ಅಂಜೆಯ್ ಶಾರ್ಮಾಖ್‌ಗೆ ಐದು. ಶಾರ್ಮಾಖ್ ಆಡುತ್ತಿದ್ದ ಕ್ಲಬ್ ಗುರ್ನಿಕ್ ಜಾಬ್ಝೆ. ಕ್ಲಬ್ಬಿನಲ್ಲೂ ದೇಶದ ತಂಡದಲ್ಲೂ ಅವರು ತುಂಬಿದ್ದು ಒಬ್ಬನೇ ಮನುಷ್ಯ ಬಿಟ್ಟುಹೋದ ಜಾಗವನ್ನು. ಇದನ್ನು ನೋಡಿದವರು, ಲುಬಾನ್ಸ್ಕಿ ಇಲ್ಲದೆಯೇ ಮುಂದಾಳುಗಳು ಅರಳಿದರು, ಎಲ್ಲ ಚೆಂಡನ್ನೂ ಒಬ್ಬನಿಗೇ ಒಪ್ಪಿಸುವ ಅಭ್ಯಾಸ ತಪ್ಪಿತು ಎನ್ನುತ್ತಾರೆ. ಸುಳ್ಳಲ್ಲ. ಆದರೆ ಗೋಲು ಬೀಳದ ಆ ಒಂದು ಪಂದ್ಯವನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಬೇಕು. 3 ಜುಲೈ, ಫ್ರಾಂಕ್‌ಫರ್ಟ್. ಮಳೆಯಿಂದ ಮೈದಾನ ಕೆರೆಯಾಗಿತ್ತು, ಅಗ್ನಿಶಾಮಕ ದಳದವರು ಪಂಪು ಹಾಕಿ ನೀರು ತೆಗೆದರು. ಫೈನಲ್ ತಲುಪಲು ಪೋಲೆಂಡ್ ಪಶ್ಚಿಮ ಜರ್ಮನಿಯನ್ನು ಸೋಲಿಸಲೇಬೇಕಿತ್ತು. ಶಾರ್ಮಾಖ್ ಗಾಯಗೊಂಡು ಹೊರಗಿದ್ದರು. ತೊಮಾಶೆವ್ಸ್ಕಿ ಪೆನಾಲ್ಟಿಯನ್ನೂ ತಡೆದರು. 76ನೇ ನಿಮಿಷದಲ್ಲಿ ಗೆರ್ಡ್ ಮುಲ್ಲರ್ ಹೊಡೆದ ಗೋಲಿನಿಂದ ಜರ್ಮನರು 1-0 ಗೆದ್ದರು. ಅಂದು ಪೋಲೆಂಡಿಗೆ ಬೇಕಾಗಿದ್ದದ್ದು ಒಬ್ಬ ಸ್ಟ್ರೈಕರ್. ಕೆಸರು ನೀರಿನಲ್ಲಿ ಲುಬಾನ್ಸ್ಕಿ ಏನು ಮಾಡುತ್ತಿದ್ದರೋ ದೇವರೇ ಬಲ್ಲ, ಆದರೆ ಅವರ ಅಗತ್ಯವೇ ಇರಲಿಲ್ಲ ಎಂಬ ವಾದ ಆ ನೀರಿನಲ್ಲಿ ಮುಳುಗಿ ಹೋಗುತ್ತದೆ. ಬ್ರೆಜಿಲ್ ವಿರುದ್ಧ ಲಾತೊ ಗೋಲಿನಿಂದ ಗೆದ್ದು ಪೋಲೆಂಡ್ ಮೂರನೇ ಸ್ಥಾನ ಪಡೆಯಿತು. ಗುರ್ಸ್ಕಿಯ ಹದ್ದುಗಳು ಎಂಬ ಬಿರುದು ಆ ತಂಡಕ್ಕೆ ಶಾಶ್ವತವಾಗಿ ಅಂಟಿತು.

1975ರಲ್ಲಿ ಲುಬಾನ್ಸ್ಕಿ ಬೆಲ್ಜಿಯಂಗೆ ಹೊರಟರು. ವಯಸ್ಸು 28. ದೇಯ್ನಾ, ಲಾತೊ ಕಾದಷ್ಟು ಅವರು ಕಾಯಬೇಕಾಗಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಆದದ್ದು ಅದರ ತಲೆಕೆಳಗು: ಊರು ಸೂರೆ ಹೋದ ಮೇಲೆ ಬಾಗಿಲು ತೆರೆದರು. ಕಾಯಲು ಏನೂ ಉಳಿದಿಲ್ಲ ಎಂದು ಕಂಡಾಗ ಕಾವಲುಗಾರ ಉದಾರಿಯಾಗುತ್ತಾನೆ. ಇದು ನನ್ನ ಓದು; ಅನುಮತಿ ಪತ್ರದಲ್ಲಿ ಮೊಣಕಾಲಿನ ಪ್ರಸ್ತಾಪ ಇರುತ್ತದೆಂದು ನಾನು ಹೇಳುತ್ತಿಲ್ಲ. ಅದೇ 1975ರಲ್ಲಿ ಗದೋಖಾ ಕೂಡ 29ರಲ್ಲಿ ಫ್ರಾನ್ಸಿನ ನಾಂತ್ ಕ್ಲಬ್ಬಿಗೆ ಹೋದದ್ದುಂಟು, ಆದ್ದರಿಂದ ಬಾಗಿಲು ಸ್ವಲ್ಪ ಸಡಿಲವಾಗಿತ್ತು ಎಂದೂ ವಾದಿಸಬಹುದು. ಆದರೆ 22ನೇ ವಯಸ್ಸಿನಲ್ಲಿ ಯುರೋಪಿನ ಅರ್ಧ ಖಂಡ ಕಣ್ಣಿಟ್ಟಿದ್ದ ಆಟಗಾರ ಕೊನೆಗೆ ಹೊರಟದ್ದು ಮ್ಯಾಡ್ರಿಡ್‌ಗಲ್ಲ, ಲೋಕರನ್‌ಗೆ.

ಲೋಕರನ್ ಎಂದರೆ ಫ್ಲಾಂಡರ್ಸ್‌ನ ಒಂದು ಸಣ್ಣ ಪಟ್ಟಣ. ಖೋಜುಫ್‌ನ ಲಕ್ಷ ಜನರ ಮುಂದೆ ಆಡಿದವರಿಗೆ ಡಾಕ್ನಮ್ ಎಂಬ ಅಲ್ಲಿನ ಪುಟ್ಟ ಮೈದಾನ ಶಾಲೆಯ ಅಂಗಳದಂತೆ ಕಂಡಿರಬೇಕು. ಅಲ್ಲಿ ಅವರು ಏಳು ಋತು ಆಡಿದರು. 196 ಲೀಗ್ ಪಂದ್ಯ, 82 ಗೋಲು. ಗುರ್ನಿಕ್‌ನಲ್ಲಿ ಮೂರು ಪಂದ್ಯಕ್ಕೆ ಎರಡು ಗೋಲಿನ ಲೆಕ್ಕವಿತ್ತು. ಇಲ್ಲಿ ಐದು ಪಂದ್ಯಕ್ಕೆ ಎರಡು. ಈ ಇಳಿಕೆಯನ್ನೆಲ್ಲ ಮೊಣಕಾಲಿನ ಖಾತೆಗೆ ಬರೆಯುವುದು ನ್ಯಾಯವಲ್ಲ, ವಯಸ್ಸೂ ಏರಿತ್ತು, ಲೀಗೂ ಬೇರೆ. ನನಗೆ ಹೆಚ್ಚು ಆಶ್ಚರ್ಯವೆನಿಸುವುದು ಉಳಿದದ್ದರ ಪ್ರಮಾಣ. ಮುಗಿದೇ ಹೋಯಿತು ಎಂದುಕೊಂಡ ಕಾಲು ಇನ್ನೂ ಏಳು ವರ್ಷ ಬೆಲ್ಜಿಯಂನ ಡಿಫೆಂಡರ್‌ಗಳ ನಡುವೆ ತಿರುಗಿತು, ಆಮೇಲೆ ಫ್ರಾನ್ಸಿನ ವಾಲೆನ್ಸಿಯೆನ್ ಮತ್ತು ಕ್ಯಾಂಪೆರ್ ಕ್ಲಬ್ಬುಗಳಲ್ಲಿ ಮತ್ತಷ್ಟು.

ರಾಷ್ಟ್ರೀಯ ತಂಡಕ್ಕೂ ಮರಳಿದರು. ಹದಿನೈದು ವರ್ಷದ ಅಂತರರಾಷ್ಟ್ರೀಯ ಆಟದ ನಂತರ, 1978ರಲ್ಲಿ, ಅರ್ಜೆಂಟೀನಾದಲ್ಲಿ ಕೊನೆಗೂ ವಿಶ್ವಕಪ್ ಮೈದಾನಕ್ಕೆ ಕಾಲಿಟ್ಟರು. ಉದ್ಘಾಟನಾ ಪಂದ್ಯ, ಎದುರಾಳಿ ಮತ್ತೆ ಪಶ್ಚಿಮ ಜರ್ಮನಿ, 0-0. ಮುಂಚೂಣಿಯಲ್ಲಿ ಲಾತೊ, ಲುಬಾನ್ಸ್ಕಿ, ಶಾರ್ಮಾಖ್. 1974ರಲ್ಲಿ ಕಾಣಬೇಕಿದ್ದ ಸಾಲು ನಾಲ್ಕು ವರ್ಷ ತಡವಾಗಿ ಕಂಡಿತು. ಪಂದ್ಯದ ಕೊನೆಯ ಘಟ್ಟದಲ್ಲಿ ಅವರನ್ನು ಹೊರಗೆ ಕರೆದು 22 ವರ್ಷದ ಜ್ಬಿಗ್ನ್ಯೆಫ್ ಬೋನ್ಯೆಕ್ ಅವರನ್ನು ಇಳಿಸಿದರು. ಪೋಲೆಂಡ್ ಎರಡನೇ ಸುತ್ತಿನಲ್ಲಿ ಅರ್ಜೆಂಟೀನಾ ಮತ್ತು ಬ್ರೆಜಿಲ್‌ಗೆ ಸೋತು ಹೊರಬಿತ್ತು. ಕೊನೆಯ ಅಂತರರಾಷ್ಟ್ರೀಯ ಪಂದ್ಯ ಸೆಪ್ಟೆಂಬರ್ 1980ರಲ್ಲಿ, ಖೋಜುಫ್‌ನಲ್ಲೇ, ಜೆಕೊಸ್ಲೊವಾಕಿಯಾ ವಿರುದ್ಧ. 75 ಪಂದ್ಯ, 48 ಗೋಲು. ಆ 48ನ್ನು ದಾಟಲು 37 ವರ್ಷ ಬೇಕಾಯಿತು. ಅಕ್ಟೋಬರ್ 2017ರಲ್ಲಿ ರಾಬರ್ಟ್ ಲೆವಾಂಡೊವ್ಸ್ಕಿ ಅರ್ಮೇನಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದು ಒಂದೇ ಏಟಿಗೆ 50ಕ್ಕೆ ಹೋದರು. ಲೆವಾಂಡೊವ್ಸ್ಕಿ 21ನೇ ವಯಸ್ಸಿನಲ್ಲಿ ಡಾರ್ಟ್‌ಮಂಡ್‌ಗೆ ಹೋಗುವಾಗ ಯಾರ ಅನುಮತಿಗೂ ಕಾಯಬೇಕಾಗಿರಲಿಲ್ಲ.

1980ರಲ್ಲಿ ಮೂವತ್ತು ತುಂಬಿದ ಲಾತೊಗೂ ಹೊರಡಲು ಒಪ್ಪಿಗೆ ಸಿಕ್ಕಿತು. ಅವರು ಬಂದದ್ದು ಲೋಕರನ್‌ಗೆ. ಒಬ್ಬರು ಬಿದ್ದದ್ದರಿಂದ ಇನ್ನೊಬ್ಬರು ಎದ್ದರು ಎಂದು ಪೋಲೆಂಡಿನ ಚಹಾ ಅಂಗಡಿಗಳು ಏಳು ವರ್ಷದಿಂದ ತೂಗುತ್ತಿದ್ದ ಇಬ್ಬರೂ ಈಗ ಒಂದೇ ಕ್ಲಬ್ಬಿನ ಅಂಗಿ ತೊಟ್ಟರು. ಜೊತೆಗೆ ಡೆನ್ಮಾರ್ಕಿನ ಪ್ರೆಬೆನ್ ಎಲ್ಕ್ಯಾರ್ ಮತ್ತು ಐಸ್‌ಲ್ಯಾಂಡಿನ ಅರ್ನೊರ್ ಗುಡ್ಯೋನ್ಸೆನ್. ಆ ಋತುವಿನಲ್ಲಿ ಲೋಕರನ್ ಬೆಲ್ಜಿಯಂ ಲೀಗಿನಲ್ಲಿ ಆಂಡರ್ಲೆಕ್ಟ್ ಹಿಂದೆ ಎರಡನೇ ಸ್ಥಾನ ಪಡೆಯಿತು, ಯುಇಎಫ್‌ಎ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿತು, ಬೆಲ್ಜಿಯನ್ ಕಪ್ ಫೈನಲ್‌ನಲ್ಲಿ ಸ್ಟಾಂಡರ್ಡ್ ಲಿಯೇಜ್ ಎದುರು 0-4ರಿಂದ ಸೋತಿತು. ಡಾಕ್ನಮ್ ಮೈದಾನದಲ್ಲಿ ಶನಿವಾರವೋ ಭಾನುವಾರವೋ ಟಿಕೆಟ್ ಕೊಂಡು ಕೂತ ಫ್ಲಾಂಡರ್ಸ್‌ನ ರೈತರಿಗೆ ಲುಬಾನ್ಸ್ಕಿ ಲಾತೊಗೆ ಚೆಂಡು ಕೊಡುವುದು ಪ್ರತಿ ವಾರ ಕಾಣುವ ದೃಶ್ಯವಾಗಿತ್ತು.